ಕೊಲೆಸ್ಟ್ರಾಲ್ ನಾರ್ಮಲ್ ಅಂದವಳು ನಾನೇ

ಸಂಪಾದಕರಿಗೆ ನಮಸ್ಕಾರ.

ಹದಿನೈದು ದಿನದ ಹಿಂದೆ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಉರಿಯೂತ ಕಡಿಮೆ ಮಾಡುವ ಮನೆಮದ್ದುಗಳ ಬಗ್ಗೆ ಒಂದು ಬರಹ ಬಂದಿತ್ತು. ಅರಿಶಿನದ ಹಾಲು, ಶುಂಠಿ, ಬೆಳ್ಳುಳ್ಳಿ ಎಲ್ಲ ಹೇಳಿ, ಕೊನೆಗೆ ‘ಸಿಆರ್‌ಪಿ ಪರೀಕ್ಷೆ ಮಾಡಿಸಿದರೆ ಹೃದಯಾಘಾತ ಬರುವುದು ಮೊದಲೇ ಗೊತ್ತಾಗುತ್ತದೆ’ ಅಂತ, ಉರಿಯೂತ ಅಳೆಯುವ ಆ ರಕ್ತಪರೀಕ್ಷೆಯ ಬಗ್ಗೆ ಒಂದು ಸಾಲು ಇತ್ತು. ನಾನು ಆ ಪುಟ ಓದಿದ್ದು ಮನೆಯಲ್ಲಿ ಕೂತು ಅಲ್ಲ. ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡು ಬಂದ ಯಜಮಾನರೊಬ್ಬರು ಅದನ್ನು ನನ್ನ ಟೇಬಲ್ ಮೇಲೆ ಬಿಡಿಸಿ ಇಟ್ಟರು. "ಇದ್ರಲ್ ಬರ್ದವ್ರೆ ನೋಡವ್ವ, ಆ ಟೆಸ್ಟು ಮಾಡ್ಬುಡು" ಅಂದರು. ಮೂಗು ಸೋರುತ್ತಿತ್ತು. ಎರಡು ದಿನದಿಂದ ಜ್ವರ ಅಂತ ಬೇರೆ ಹೇಳಿದರು.

ನಾನು ಮಂಡ್ಯದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಡಾಕ್ಟರನ್ನು ಕೇಳುವುದಿಲ್ಲ, ನಮ್ಮನ್ನೇ ಕೇಳುತ್ತಾರೆ. "ಎಲ್ಲ ಸರಿಯಾಗೈತಾ?" ಅಂತ. ನಾವೂ ಸುಮ್ನೆ ಇರಲಾರದೆ ಒಂದು ಮಾತು ಆಡಿಬಿಡುತ್ತೇವೆ. ಹಾಗೆ ನಾನು ಆಡಿದ ಒಂದು ಮಾತಿನ ಬಗ್ಗೆಯೇ ಈ ಪತ್ರ.

ನಮ್ಮಣ್ಣನಿಗೆ ಈಗ ಐವತ್ತು. ಪಾಂಡವಪುರದ ಕಡೆ ಆಲೆಮನೆ ಇಟ್ಟುಕೊಂಡಿದ್ದಾನೆ. ಎರಡು ವರ್ಷದ ಹಿಂದೆ ಅವರೂರಿಗೆ ‘ಫುಲ್ ಬಾಡಿ ಚೆಕಪ್’ ಕ್ಯಾಂಪ್ ಬಂದಿತ್ತು. ಯಾರು ಮಾಡಿದರು ಅನ್ನುವುದು ಬೇಡ. ಹನ್ನೆರಡು ಪುಟದ ಬಣ್ಣದ ರಿಪೋರ್ಟು, ಮುಖಪುಟದ ಮೇಲೆ ಕೆಂಪು ಹೃದಯದ ಚಿತ್ರ. ಹಬ್ಬಕ್ಕೆ ಹೋದಾಗ ನನ್ನ ಮುಂದೆ ಹಿಡಿದ. ಒಬ್ಬಟ್ಟು ತಟ್ಟುತ್ತಿದ್ದೆ, ಕೈಯೆಲ್ಲ ಎಣ್ಣೆ. ಅವನೇ ಪುಟ ತಿರುಗಿಸುತ್ತಾ ಹೋದ, ನಾನು ಮೇಲಿಂದ ಕಣ್ಣಾಡಿಸಿದೆ. ಒಟ್ಟು ಕೊಲೆಸ್ಟ್ರಾಲ್ 178. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 104. ಸಕ್ಕರೆ ಗಡಿಯೊಳಗೆ. ಎಚ್‌ಎಸ್-ಸಿಆರ್‌ಪಿ, ಅಂದರೆ ಸಿಆರ್‌ಪಿಯನ್ನು ತೀರಾ ಸೂಕ್ಷ್ಮವಾಗಿ ಅಳೆಯುವ (ಹೈ ಸೆನ್ಸಿಟಿವಿಟಿ) ಟೆಸ್ಟು, 0.48. ಒಂದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಅಂತ ತಲೆಯಲ್ಲಿ ಇತ್ತು. "ಏನಿಲ್ಲ ಬಿಡಣ್ಣ, ಕೊಲೆಸ್ಟ್ರಾಲ್ ನಾರ್ಮಲ್, ಎಲ್ಲ ನಾರ್ಮಲ್" ಅಂದೆ. ಅವನು ರಿಪೋರ್ಟನ್ನು ಬೀರುವಿನ ಮೇಲೆ ಎಸೆದು ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಎಂಟು ತಿಂಗಳಾದ ಮೇಲೆ ಒಂದು ದಿನ ಬೆಳಗಿನ ಜಾವ, ಮೊದಲ ಕೊಪ್ಪರಿಗೆ ಕುದಿ ಹತ್ತುವ ಹೊತ್ತು. ಎದೆ ಹಿಡಿದುಕೊಂಡಿದೆ. ಗ್ಯಾಸು ಅಂತ ಸೋಡಾ ಕುಡಿದಿದ್ದಾನೆ. ಪಾಕ ಇಳಿಸುವ ತನಕ ಕೂತೇ ಇದ್ದಾನೆ, ಮಹಾನುಭಾವ! ಬೆಲ್ಲ ಹಾಳಾಗಬಾರದಲ್ಲ. ಬೆವರಿಗೆ ಬನಿಯನ್ ತೊಯ್ದು ಹೋದದ್ದನ್ನು ನೋಡಿ ಒಲೆ ಉರಿಸುವ ಹುಡುಗ ಬೈಕಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ಮಾಡಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸಿದರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಆ ದುಬಾರಿ ಇಂಜೆಕ್ಷನ್ ಪುಕ್ಕಟೆ ಸಿಕ್ಕಿತು. ಈ ಒಂದು ವಿಷಯದಲ್ಲಿ ಸರ್ಕಾರಕ್ಕೆ ಕೈ ಮುಗಿಯಬೇಕು. ಮೈಸೂರಿನಲ್ಲಿ ಒಂದು ಸ್ಟೆಂಟ್ ಹಾಕಿದರು. ಬದುಕಿದ್ದಾನೆ.

ಅವನು ಐಸಿಯುನಲ್ಲಿದ್ದಾಗ ನಾನು ಊರಿಗೆ ಹೋಗಿ ಬೀರುವಿನ ಮೇಲಿಂದ ಆ ರಿಪೋರ್ಟ್ ಇಳಿಸಿದೆ. ಒಂಬತ್ತನೇ ಪುಟ. ಎಚ್‌ಎಸ್-ಸಿಆರ್‌ಪಿ 0.48, ಅದರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಮಿಲಿಗ್ರಾಂ, ಡೆಸಿಲೀಟರಿಗೆ’ ಅಂತಿತ್ತು. ಡೆಸಿಲೀಟರ್ ಅಂದರೆ ಲೀಟರಿನ ಹತ್ತನೇ ಒಂದು ಭಾಗ. ಹೃದಯದ ವಿಚಾರದಲ್ಲಿ ಡಾಕ್ಟರುಗಳು ನೋಡುವ 1, 3 ಅನ್ನುವ ಗಡಿಗಳೆಲ್ಲ ಲೀಟರ್ ಲೆಕ್ಕದವು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ನಡುವಿನದು, 3 ದಾಟಿದರೆ ಜಾಸ್ತಿ. ನಮ್ಮಣ್ಣನದು 0.48 ಅಲ್ಲ, 4.8. ಅದರ ಪಕ್ಕ ‘0.5ರೊಳಗೆ ನಾರ್ಮಲ್’ ಅಂತಲೂ ಅಚ್ಚು ಹಾಕಿದ್ದರು. ಅದು ಸಾಮಾನ್ಯ ಸಿಆರ್‌ಪಿಯ ಗಡಿ. ಎಚ್‌ಎಸ್ ಅಂತ ಹೆಸರು ಇಟ್ಟು, ಎಚ್‌ಎಸ್ ದುಡ್ಡು ತಗೊಂಡು, ಗಡಿ ಮಾತ್ರ ಮಾಮೂಲಿ ಟೆಸ್ಟಿನದು. ಒಂದು ಸ್ಟಾರ್ ಗುರುತೂ ಇರಲಿಲ್ಲ. ಆದರೆ ಅವರನ್ನು ಬೈದು ನಾನು ಪಾರಾಗುವಂತಿಲ್ಲ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳು ಯೂನಿಟ್ ನೋಡದೆ ಬಾಯಿ ಬಿಟ್ಟೆ.

ಈ ಸಿಆರ್‌ಪಿ ಅಂದರೆ ಏನು ಅಂತ ನಿಮ್ಮ ಬರಹದಲ್ಲಿ ಎಲ್ಲೂ ಹೇಳಿರಲಿಲ್ಲ. ಅದು ಲಿವರ್ ತಯಾರಿಸುವ ಒಂದು ಪ್ರೋಟೀನ್. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡದ್ದು. ಲಿವರ್ ತಾನಾಗಿ ಇದನ್ನು ಹೆಚ್ಚಿಸುವುದಿಲ್ಲ, ಯಾರೋ ಸುದ್ದಿ ಮುಟ್ಟಿಸಬೇಕು. ಆ ಸುದ್ದಿ ಮುಟ್ಟಿಸುವ ಪ್ರೋಟೀನುಗಳೇ ಸೈಟೋಕೈನುಗಳು. ಈ ಹೆಸರು ನಮ್ಮ ಜಿಲ್ಲೆಗೆ ಕೊರೊನಾ ಕಾಲದಲ್ಲಿ ಬಂತು. ‘ಸೈಟೋಕೈನ್ ಸ್ಟಾರ್ಮ್’ ಅಂತ ನೀವೂ ಬರೆದಿರಿ. ಐಎಲ್-6 (ಇಂಟರ್‌ಲ್ಯೂಕಿನ್-6) ಅನ್ನುವ ಸೈಟೋಕೈನಿನ ಟೆಸ್ಟಿಗೆ ಜನ ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ತಟ್ಟುತ್ತಿದ್ದರು. ಅದೇ ಐಎಲ್-6 ಹೃದಯದ ಈ ಕತೆಯಲ್ಲಿಯೂ ಇದೆ. ಅಲ್ಲಿ ಬಿರುಗಾಳಿ, ಇಲ್ಲಿ ವರ್ಷಗಟ್ಟಲೆ ಬೀಸುವ ಸಣ್ಣ ಗಾಳಿ.

ನಮ್ಮ ಕಡೆಯವರಿಗೆ ಹೇಳುವಾಗ ನಾನು ನಾಲೆಯ ಕತೆ ಹೇಳುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ಏರಿ ಎಲ್ಲೋ ಒಂದು ಕಡೆ ಜಿನುಗಿತು ಅನ್ನಿ. ಮೊದಲು ನೋಡಿದವನು ಕೂಗು ಹಾಕುತ್ತಾನೆ. ಪಕ್ಕದ ಗದ್ದೆಯವನು ಕೇಳಿಸಿಕೊಂಡು ಇನ್ನೂ ಜೋರಾಗಿ ಕೂಗುತ್ತಾನೆ. ಊರಿಂದ ಜನ ಗುದ್ದಲಿ, ಮಂಕರಿ ಹಿಡಿದು ಬರುತ್ತಾರೆ. ಮಣ್ಣು ಹಾಕಿ ಮುಚ್ಚುತ್ತಾರೆ, ಮನೆಗೆ ಹೋಗುತ್ತಾರೆ. ಇದು ಆಗಬೇಕಾದ್ದೇ. ಕಾಲಿಗೆ ಮುಳ್ಳು ಚುಚ್ಚಿದಾಗ ಕೆಂಪಗಾಗಿ ಊದಿಕೊಳ್ಳುವುದು ಇದೇ ಕೂಗಿನಿಂದ. ಆದರೆ ಜಿನುಗು ನಿಲ್ಲಲೇ ಇಲ್ಲ ಅನ್ನಿ. ದಿನಾ ಕೂಗು, ದಿನಾ ಜನ. ಬಂದವರು ಸುಮ್ನೆ ನಿಲ್ಲುತ್ತಾರಾ? ಅವರ ಗುದ್ದಲಿ ಏಟಿಗೇ ಏರಿ ಸಡಿಲ ಆಗುತ್ತದೆ.

ರಕ್ತನಾಳದಲ್ಲಿ ಜಿನುಗುವುದು ಎಲ್‌ಡಿಎಲ್. ನಾಳದ ಗೋಡೆಯೊಳಗೆ ಸೇರಿ ಅಲ್ಲೇ ಕೆಡುತ್ತದೆ. ಮ್ಯಾಕ್ರೋಫೇಜ್ ಅನ್ನುವ ಬಿಳಿ ರಕ್ತಕಣಗಳು ಬಂದು ಅದನ್ನು ನುಂಗುತ್ತವೆ. ನುಂಗಿ ನುಂಗಿ ನೊರೆ ತುಂಬಿದ ಹಾಗೆ ಉಬ್ಬುತ್ತವೆ. ಕೊಲೆಸ್ಟ್ರಾಲಿನ ಚೂಪು ಹರಳುಗಳು ಆ ಕಣಗಳೊಳಗೆ ಚುಚ್ಚಿದಾಗ ಐಎಲ್-1 ಬೀಟಾ ಅನ್ನುವ ಇನ್ನೊಂದು ಸೈಟೋಕೈನ್ ಹೊರಬರುತ್ತದೆ. ಅದು ಮೊದಲ ಕೂಗು. ಅದರಿಂದ ಐಎಲ್-6 ಏಳುತ್ತದೆ, ಅದು ರಕ್ತದಲ್ಲಿ ಹೋಗಿ ಲಿವರಿಗೆ ಹೇಳುತ್ತದೆ, ಲಿವರ್ ಸಿಆರ್‌ಪಿ ಮಾಡುತ್ತದೆ, ಅದನ್ನು ನಾನು ನನ್ನ ಮೆಷಿನ್ನಿನಲ್ಲಿ ಅಳೆಯುತ್ತೇನೆ. ನನಗೆ ಸಿಗುವುದು ಮೂರನೇ ಬಾಯಿಯ ಸುದ್ದಿ. ಅಷ್ಟರಲ್ಲಿ ಅಲ್ಲಿ ಗೋಡೆಯಲ್ಲಿ ಬೇರೆಯೇ ಕೆಲಸ ನಡೆಯುತ್ತಿರುತ್ತದೆ. ಕೊಬ್ಬಿನ ಗುಡ್ಡೆಯ ಮೇಲೆ ನಾರಿನ ಒಂದು ಮುಚ್ಚಳ ಕಟ್ಟಿರುತ್ತದೆ. ಅಲ್ಲಿಗೆ ಬಂದ ಕಣಗಳು ಬಿಡುವ ಕಿಣ್ವಗಳು ಆ ನಾರನ್ನು ಕರಗಿಸುತ್ತವೆ. ಇನ್ನೊಂದು ಸುದ್ದಿಗಾರ, ಇಂಟರ್‌ಫೆರಾನ್ ಗಾಮಾ, ಹೊಸ ನಾರು ಹೆಣೆಯದ ಹಾಗೆ ತಡೆಯುತ್ತದೆ. ಮುಚ್ಚಳ ತೆಳುವಾಗಿ ಒಂದು ದಿನ ಹರಿಯುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ನಾಳ ಮುಚ್ಚಿತು. ನಾಳ ಅರ್ಧವೂ ಕಟ್ಟಿರದ ಜಾಗದಲ್ಲೂ ಹೀಗಾಗಬಹುದು. ಮೊನ್ನೆ ತನಕ ಕಬ್ಬಿನ ಹೊರೆ ಹೊತ್ತವನು ಇವತ್ತು ಬಿದ್ದ ಅಂತ ಊರವರು ಆಶ್ಚರ್ಯ ಪಡುವುದು ಇದಕ್ಕೇ.

ಉರಿಯೂತ ಅನ್ನುವ ಪದ ಎಷ್ಟು ಚೆಂದ ಇದೆ ನೋಡಿ. ಉರಿ, ಊತ, ಎರಡೂ ಅದರಲ್ಲೇ ಇವೆ. ಆದರೆ ಈ ಉರಿಯೂತದಲ್ಲಿ ಉರಿಯೂ ಗೊತ್ತಾಗುವುದಿಲ್ಲ, ಊತವೂ ಕಾಣುವುದಿಲ್ಲ. ಬೂದಿ ಮುಚ್ಚಿದ ಕೆಂಡ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂದುಕೊಳ್ಳಬೇಡಿ. ಅಣ್ಣನಿಗೆ ಹೀಗಾದ ಮೇಲೆ ರಾತ್ರಿ ನಿದ್ದೆ ಬರದೆ ಓದಿದ್ದು. ಮಗಳು ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ, ಅವಳು ಹೇಳಿಕೊಟ್ಟದ್ದು. 2017ರಲ್ಲಿ ಕ್ಯಾಂಟೋಸ್ ಅನ್ನುವ ದೊಡ್ಡ ಔಷಧ ಪರೀಕ್ಷೆಯ ಫಲಿತಾಂಶ ಬಂತು. 10,061 ಜನ. ಎಲ್ಲರಿಗೂ ಹಿಂದೆ ಒಮ್ಮೆ ಹೃದಯಾಘಾತ ಆಗಿತ್ತು, ಎಚ್‌ಎಸ್-ಸಿಆರ್‌ಪಿ 2 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಅವರಲ್ಲಿ ಕೆಲವರಿಗೆ ಐಎಲ್-1 ಬೀಟಾವನ್ನು ಮಾತ್ರ ತಡೆಯುವ ಕೆನಾಕಿನುಮ್ಯಾಬ್ ಇಂಜೆಕ್ಷನ್ ಅನ್ನು ಮೂರು ತಿಂಗಳಿಗೊಮ್ಮೆ ಕೊಟ್ಟರು. ಎಲ್‌ಡಿಎಲ್ ಕದಲಲಿಲ್ಲ. ಆದರೂ 150 ಮಿಲಿಗ್ರಾಂ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಒಟ್ಟಿಗೆ ಸೇರಿ ಶೇ 15ರಷ್ಟು ಕಡಿಮೆ ಆದವು. ಕೊಲೆಸ್ಟ್ರಾಲ್ ಮುಟ್ಟದೆ, ಬರೀ ಕೂಗು ನಿಲ್ಲಿಸಿ! ಆದರೆ ಕೂಗುವವನ ಬಾಯಿ ಕಟ್ಟಿದರೆ ನಿಜವಾದ ಕಳ್ಳ ಬಂದಾಗಲೂ ಕೂಗುವವರಿಲ್ಲ. ಸೋಂಕು ತಗುಲಿ ಸತ್ತವರು ಆ ಇಂಜೆಕ್ಷನ್ ತಗೊಂಡವರಲ್ಲಿ ಸ್ವಲ್ಪ ಜಾಸ್ತಿ ಇದ್ದರು. ಬೆಲೆಯೂ ವಿಪರೀತ. ಹೃದಯದ ಔಷಧವಾಗಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ.

ಆಮೇಲೆ ಅಗ್ಗದ್ದು ಹುಡುಕಿದರು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಹೃದಯಕ್ಕೆ ಕೆಲಸ ಮಾಡಲಿಲ್ಲ, ಐಎಲ್-6ಅನ್ನೂ ಇಳಿಸಲಿಲ್ಲ. ಅಂದರೆ ಯಾವ ಉರಿಯೂತ, ಯಾವ ದಾರಿ ಅನ್ನುವುದು ಮುಖ್ಯ. ಗೌಟ್ ರೋಗದ ಕಾಲ್ಚಿಸಿನ್ ಮಾತ್ರೆ 2019ರ ಒಂದು ಪರೀಕ್ಷೆಯಲ್ಲಿ ಶೇ 23ರಷ್ಟು ಅನುಕೂಲ ತೋರಿಸಿತು. 2024ರಲ್ಲಿ ಏಳು ಸಾವಿರಕ್ಕೂ ಜಾಸ್ತಿ ಜನರ ಮೇಲೆ ನಡೆದ ಇನ್ನೊಂದರಲ್ಲಿ ಏನೂ ಅನುಕೂಲ ಕಾಣಲಿಲ್ಲ. ಇಲ್ಲಿ ನಿಮಗೊಂದು ಕಿವಿಮಾತು. ಕಾಲ್ಚಿಸಿನ್ ನಮ್ಮ ಬೇಲಿ ಸಾಲಿನ ಅಗ್ನಿಶಿಖೆ ಗಿಡದಲ್ಲೂ ಇದೆ. ‘ಹೃದಯಕ್ಕೆ ಬೇಲಿಯ ಹೂವು’ ಅಂತ ಯಾರಾದರೂ ಬರೆದು ಕಳಿಸಿದರೆ ದಯವಿಟ್ಟು ಹಾಕಬೇಡಿ. ಅದರ ಗಡ್ಡೆ ತಿಂದರೆ ಪ್ರಾಣ ಹೋಗುತ್ತದೆ.

ಅರಿಶಿನದ ಹಾಲಿನ ಬಗ್ಗೆ ನನಗೆ ಜಗಳವಿಲ್ಲ. ನಾನೂ ಕುಡಿಯುತ್ತೇನೆ, ಗಂಟಲಿಗೆ ಹಿತವಾಗಿರುತ್ತದೆ. ಅದನ್ನು ಕುಡಿದು ಬೀಡಿ ಸೇದುವವರ ಬಗ್ಗೆ ಜಗಳ.

ಈಗ ಟೆಸ್ಟಿನ ವಿಚಾರಕ್ಕೆ ಬರುತ್ತೇನೆ. ನನಗೆ ಗೊತ್ತಿರುವುದು ಅದೇ. ಸಣ್ಣ ಲ್ಯಾಬುಗಳಲ್ಲಿ ಮಾಮೂಲಿ ಸಿಆರ್‌ಪಿ ಮಾಡುವುದು ಸ್ಲೈಡಿನ ಮೇಲೆ. ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ಒಣಹುಲ್ಲಿನ ಬಣ್ಣದ ಸೀರಂ ನಿಲ್ಲುತ್ತದೆ. ಬಾಡೂಟ ಉಂಡು ನೇರ ಬಂದವರದ್ದು ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ, ಅದು ಬೇರೆ ಕತೆ. ಕಪ್ಪು ಸ್ಲೈಡಿನ ಮೇಲೆ ಒಂದು ಹನಿ ಸೀರಂ, ಒಂದು ಹನಿ ಬಿಳಿ ಲೇಟೆಕ್ಸ್. ಕಡ್ಡಿಯಲ್ಲಿ ಕಲಸಿ ಎರಡು ನಿಮಿಷ ತೊಟ್ಟಿಲು ತೂಗಿದ ಹಾಗೆ ತೂಗುತ್ತೇನೆ. ಒಡೆದ ಹಾಲಿನ ಹಾಗೆ ಕಾಳು ಕಾಳಾದರೆ ಪಾಸಿಟಿವ್. ಹಾಗೇ ನುಣ್ಣಗೆ ಇದ್ದರೆ ನೆಗೆಟಿವ್. ಆದರೆ ನೆಗೆಟಿವ್ ಅಂದರೆ ಲೀಟರಿಗೆ ಸುಮಾರು 6 ಮಿಲಿಗ್ರಾಂ ಒಳಗೆ ಇದೆ ಅಂತ, ಅಷ್ಟೇ. ಹೃದಯದ ಲೆಕ್ಕಕ್ಕೆ ಬೇಕಾದದ್ದು 1 ಮತ್ತು 3ರ ನಡುವಿನ ವ್ಯತ್ಯಾಸ. ಈ ಸ್ಲೈಡಿಗೆ ಅದು ಕಾಣುವುದೇ ಇಲ್ಲ. ದನ ತೂಗುವ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದ ಹಾಗೆ. ಎಚ್‌ಎಸ್ ಟೆಸ್ಟು ಬೇರೆ, ಅದಕ್ಕೆ ಮೆಷಿನ್ ಬೇಕು. ನಿಮ್ಮ ಬರಹದಲ್ಲಿ ಬರೀ ‘ಸಿಆರ್‌ಪಿ’ ಅಂತ ಇತ್ತು. ಅದನ್ನು ನಂಬಿ ಬಂದವರು ನೂರು ರೂಪಾಯಿ ಉಳಿಯಿತು ಅಂತ ಸ್ಲೈಡ್ ಟೆಸ್ಟು ಮಾಡಿಸಿಕೊಂಡು, ‘ನೆಗೆಟಿವ್’ ಚೀಟಿ ಹಿಡಿದು, ಹೃದಯ ಚೆನ್ನಾಗಿದೆ ಅಂತ ನಗುತ್ತಾ ಹೋಗುತ್ತಿದ್ದಾರೆ. ನಾನು ತಡೆದು ಹೇಳಿದರೆ "ಪೇಪರ್ನೋರಿಗಿಂತ ನಿಂಗೆ ಗೊತ್ತಾ?" ಅಂತಾರೆ.

ಎಚ್‌ಎಸ್ ಮಾಡಿಸಿದರೂ ಹೊತ್ತು ಗೊತ್ತು ನೋಡಬೇಕು. ನೆಗಡಿ, ಜ್ವರ, ಹುಣ್ಣು, ಚಿಕೂನ್‌ಗುನ್ಯಾ ಬಂದು ಹೋದ ಕೀಲುನೋವು, ಏನಿದ್ದರೂ ಸಿಆರ್‌ಪಿ ಏರುತ್ತದೆ. ಆರು ಗಂಟೆಯೊಳಗೆ ಏರಲು ಶುರು. ಅಂಥ ಹೊತ್ತಲ್ಲಿ ತೆಗೆದ ರಕ್ತದಿಂದ ಹೃದಯದ ವಿಚಾರ ಏನೂ ಹೇಳಲು ಬರುವುದಿಲ್ಲ. 10 ದಾಟಿದ್ದರೆ ಬೇರೆ ಸೋಂಕು ಹುಡುಕಬೇಕು, ಅದು ವಾಸಿಯಾದ ಮೇಲೆ ಮತ್ತೆ ಮಾಡಬೇಕು. ಎರಡು ವಾರ ಬಿಟ್ಟು ಎರಡು ಸಲ ಮಾಡಿ ಸರಾಸರಿ ತೆಗೆಯುವುದು ಸರಿಯಾದ ದಾರಿ. ಹಾಗಾಗಿ ಪೇಪರ್ ಹಿಡಿದು ಬಂದ ಆ ಯಜಮಾನರ ರಕ್ತ ನಾನು ತೆಗೆಯಲಿಲ್ಲ. ಬೇಸರ ಮಾಡಿಕೊಂಡರು. ನಮ್ಮ ಓನರ್ ಕೂಡ.

ಜ್ವರದ ಮಾತು ಬಂತಲ್ಲ, ಇನ್ನೊಂದು. 2018ರಲ್ಲಿ ಕೆನಡಾದಿಂದ ಒಂದು ಅಧ್ಯಯನ ಬಂತು. ಫ್ಲೂ ಅಂತ ಲ್ಯಾಬಿನಲ್ಲಿ ಖಚಿತವಾದ ಮೊದಲ ಏಳು ದಿನ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಇತ್ತಂತೆ. ಕೂಗು ಜೋರಾದ ವಾರ ಅದು. ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರು ಪ್ರತಿ ವರ್ಷ ಫ್ಲೂ ಲಸಿಕೆ ಬೇಕಾ ಅಂತ ಡಾಕ್ಟರನ್ನು ಕೇಳುವುದು ಒಳ್ಳೆಯದು. ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಸಿಆರ್‌ಪಿಯೇ ರೋಗ ಅಂತ ತಿಳಿದವರೂ ಇದ್ದಾರೆ. ಹುಟ್ಟಿನಿಂದಲೇ ಸಿಆರ್‌ಪಿ ಸ್ವಲ್ಪ ಜಾಸ್ತಿ ಇರುವ ಜೀನ್ ಪಡೆದವರಿಗೆ ಹೃದಯರೋಗ ಜಾಸ್ತಿ ಕಾಣಲಿಲ್ಲ. ಆದರೆ ಐಎಲ್-6ರ ಮಾತು ಹುಟ್ಟಿನಿಂದಲೇ ಸ್ವಲ್ಪ ಕಡಿಮೆ ಕೇಳಿಸುವ ಜೀನ್ ಇರುವವರಿಗೆ ಹೃದಯರೋಗ ಕಡಿಮೆ ಅಂತ 2012ರಲ್ಲಿ ಕಂಡುಬಂತು. ತಪ್ಪು ಕೂಗಿನದು, ಸಿಆರ್‌ಪಿ ಅದರ ಪ್ರತಿಧ್ವನಿ. ಪ್ರತಿಧ್ವನಿಗೆ ಮದ್ದು ಅರೆಯಬಾರದು. ಹಾಗಂತ ಐಎಲ್-6 ಟೆಸ್ಟನ್ನೇ ‘ಹಾರ್ಟ್ ಪ್ಯಾಕೇಜ್’ ಒಳಗೆ ತುರುಕಿ ಸಾವಿರ ಲೆಕ್ಕದಲ್ಲಿ ಬಿಲ್ ಮಾಡುವುದೂ ಬೇಡ. ಮಾಮೂಲಿ ತಪಾಸಣೆಗೆ ಅದು ಬೇಕಿಲ್ಲ.

ಅಣ್ಣನ ವಿಷಯಕ್ಕೆ ಮತ್ತೆ ಬಂದರೆ, ಅವತ್ತು 4.8 ಅಂತ ಸರಿಯಾಗಿ ಓದಿದ್ದರೆ ಹೃದಯಾಘಾತ ತಪ್ಪುತ್ತಿತ್ತಾ? ಗೊತ್ತಿಲ್ಲ. ಆಗ ಅವನ ದವಡೆಯಲ್ಲಿ ಎರಡು ಹಲ್ಲು ಹುಳುಕಾಗಿ ಒಸಡಿನಿಂದ ಕೀವು ಬರುತ್ತಿತ್ತು. ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಜಾಗವೂ ಅದೇ. ಆ 4.8 ಹಲ್ಲಿನದೇ ಇರಬಹುದು. ಆದರೆ ಮತ್ತೊಮ್ಮೆ ಮಾಡಿಸು ಅನ್ನುತ್ತಿದ್ದೆ. ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ದಿನಕ್ಕೆ ಒಂದು ಕಟ್ಟು ಬೀಡಿ, ಐವತ್ತಾರಕ್ಕೆ ಎದೆನೋವಿನಲ್ಲಿ ಹೋದ ನಮ್ಮಪ್ಪ, ಮುಂದಕ್ಕೆ ಬಂದ ಹೊಟ್ಟೆ, ಇಷ್ಟನ್ನೂ ಆ ನಂಬರಿನ ಪಕ್ಕದಲ್ಲಿಟ್ಟು ಅವರು ನೋಡುತ್ತಿದ್ದರು. ಹೊಟ್ಟೆಯ ಕೊಬ್ಬು ತಾನೇ ಐಎಲ್-6 ಬಿಡುತ್ತದೆ ಅಂತ ಆಮೇಲೆ ತಿಳಿಯಿತು. ಸುಮ್ನೆ ಕೂತಿರುವ ಕೊಬ್ಬಲ್ಲ ಅದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೆ, ಬೇರೆಯವರಿಗಿಂತ ಐದಾರು ವರ್ಷ ಬೇಗ, ಅಂತ 52 ದೇಶಗಳ ಅಧ್ಯಯನವೊಂದು ಸುಮಾರು 20 ವರ್ಷದ ಹಿಂದೆಯೇ ಹೇಳಿದೆ. ನಲವತ್ತೊಂಬತ್ತು ಸಣ್ಣ ವಯಸ್ಸು ಅಂತ ನಾನು ಅಂದುಕೊಂಡಿದ್ದೇ ತಪ್ಪು.

ಎಲ್‌ಡಿಎಲ್ ಗಡಿಯೊಳಗಿದ್ದು ಎಚ್‌ಎಸ್-ಸಿಆರ್‌ಪಿ 2 ಅಥವಾ ಅದಕ್ಕಿಂತ ಜಾಸ್ತಿ ಇದ್ದ 17,802 ಜನರ ಮೇಲೆ ಜುಪಿಟರ್ ಅನ್ನುವ ಪರೀಕ್ಷೆ ನಡೆದಿತ್ತು, 2008ರಲ್ಲಿ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತಗೊಂಡವರಲ್ಲಿ ಹೃದಯಾಘಾತದಂಥ ಅನಾಹುತಗಳು ಶೇ 44ರಷ್ಟು ಕಡಿಮೆ ಇದ್ದವು. ಓದಿದಾಗ ಹೊಟ್ಟೆ ತೊಳಸಿದ ಹಾಗಾಯಿತು. ಇದು ನಮ್ಮಣ್ಣನ ರಿಪೋರ್ಟೇ ಅಲ್ವಾ?

ಈಗ ಸ್ಟಾಟಿನ್ ನುಂಗುತ್ತಿದ್ದಾನೆ. ಬೀಡಿ ಬಿಟ್ಟಿದ್ದಾನೆ, ಹೊಗೆಸೊಪ್ಪು ಬಿಟ್ಟೆ ಅಂತಾನೆ. ಎರಡು ಹಲ್ಲು ಕೀಳಿಸಿದ್ದಾಯಿತು. ಹೋದ ತಿಂಗಳು ನಾನೇ ರಕ್ತ ತೆಗೆದೆ. 1.3 ಬಂತು, ಲೀಟರಿಗೆ. ಯಾವುದರಿಂದ ಇಳಿಯಿತು ಅಂತ ಬಿಡಿಸಿ ಹೇಳಲು ನನ್ನಿಂದ ಆಗದು. "ನೀನೇ ನಾರ್ಮಲ್ ಅಂದಿದ್ದೆ ಕನವ್ವ, ಈಗಲಾದ್ರೂ ಸರಿಯಾಗ್ ನೋಡ್ದಾ?" ಅಂತ ಕೇಳಿ ನಕ್ಕ. ನನಗೆ ನಗು ಬರಲಿಲ್ಲ.

ನಿಮ್ಮನ್ನು ಕೇಳುವುದು ಇಷ್ಟೇ. ಆ ಬರಹಕ್ಕೆ ಒಂದು ತಿದ್ದುಪಡಿ ಹಾಕಿ. ಎಚ್‌ಎಸ್ ಅಂತ ಸ್ಪಷ್ಟವಾಗಿ ಬರೆಯಿರಿ, ಜ್ವರ ನೆಗಡಿ ಇದ್ದಾಗ ಮಾಡಿಸಬೇಡಿ ಅಂತ ಬರೆಯಿರಿ. ಲ್ಯಾಬಿನವರು ಎಚ್‌ಎಸ್-ಸಿಆರ್‌ಪಿಯನ್ನು ಲೀಟರ್ ಲೆಕ್ಕದಲ್ಲೇ, ದಪ್ಪ ಅಕ್ಷರದಲ್ಲಿ ಕೊಡಲಿ ಅಂತ ಆರೋಗ್ಯ ಇಲಾಖೆಯವರನ್ನು ನಿಮ್ಮ ವರದಿಗಾರರು ಒಮ್ಮೆ ಕೇಳಲಿ. ನಮ್ಮಂಥವರು ಕೇಳಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಪತ್ರ ಉದ್ದ ಆಯಿತು. ಜಾಗ ಇಲ್ಲದಿದ್ದರೆ ನಮ್ಮಣ್ಣನ ಕತೆ ಕತ್ತರಿಸಿ, ಬೇಜಾರಿಲ್ಲ. ಡೆಸಿಲೀಟರ್, ಲೀಟರ್ ವಿಚಾರ ಮಾತ್ರ ಬಿಡಬೇಡಿ. ಹೆಸರು ಹಾಕಬೇಡಿ, ನಾಳೆ ಕೆಲಸಕ್ಕೆ ಹೋಗಬೇಕು.

ಒಬ್ಬ ಲ್ಯಾಬ್ ಟೆಕ್ನಿಷಿಯನ್,
ಮಂಡ್ಯ